ಕಾಫಿ ಡಬ್ಬಿಯಲ್ಲಿದ್ದ ಪೆನ್‌ಡ್ರೈವ್

ಪೊಯಾನ ಕೋರ್ಬು,
ಜುಲೈ ೯, ಗುರುವಾರ

ಪ್ರೀತಿಯ ಸಿಮಿಯೊನ್,

ಹೇಗಿದ್ದೀಯ? ಊಟ ಸರಿಯಾಗಿ ಮಾಡುತ್ತೀಯಾ? ಸ್ಪೇನಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ತೋಟಗಳಲ್ಲಿ ಟೊಮ್ಯಾಟೊ ಬಿಡಿಸುವವರು ಮಧ್ಯಾಹ್ನದ ಸೆಕೆಗೆ ತಲೆ ಸುತ್ತಿ ಬೀಳುತ್ತಾರೆ ಎಂದು ಹೋಗಿ ಬಂದವರು ಹೇಳುತ್ತಾರೆ. ನಿನಗೆ ಚಿಕ್ಕಂದಿನಿಂದಲೂ ಬಿಸಿಲೇರಿದರೆ ಮೂಗಿನಲ್ಲಿ ರಕ್ತ ಬರುತ್ತಿತ್ತು. ಹುಲ್ಲು ಕೊಯ್ಲಿನ ದಿನಗಳಲ್ಲಿ ನಿನ್ನ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಡಿಯ ನೆರಳಲ್ಲಿ ಮಲಗಿಸುತ್ತಿದ್ದೆ. ಈಗಲೂ ಹಾಗೇ ಮಾಡಿಕೋ, ಯಾರಾದರೂ ನಗುತ್ತಾರೆಂದು ಸಂಕೋಚಪಡಬೇಡ. ನಿನ್ನ ವಿಳಾಸ ಕೊಟ್ಟವಳು ಒತಿಲಿಯ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ. ಕೊಡುವುದಿಲ್ಲ ಎಂದೇ ಹಟ ಹಿಡಿದಿದ್ದಳು. ಎರಡು ದಿನ ಅವರ ಮನೆ ಮೆಟ್ಟಿಲ ಮೇಲೆ ಕೂತೆ. ಮದುವೆಯಾಗಬೇಕೆಂದಿದ್ದ ಹುಡುಗಿಗೂ ಫೋನ್ ನಂಬರ್ ಕೊಡದೆ ಬರೀ ಒಂದು ವಿಳಾಸ ಬಿಟ್ಟು ಹೋಗಿದ್ದೀಯ ಎಂದು ಅತ್ತಳು.

ಇಲ್ಲಿ ಹುಲ್ಲು ಈ ಸಲ ಸೊಂಟದವರೆಗೆ ಬಂದಿದೆ, ಕೊಯ್ಯುವವರಿಲ್ಲ. ಕೋಳಿಗಳು ಚೆನ್ನಾಗಿವೆ. ಮುಂದಿನ ಕೋಣೆಯ ನನ್ನ ಜೆರಾಕ್ಸ್ ಅಂಗಡಿ ಎರಡು ತಿಂಗಳಿಂದ ಮುಚ್ಚಿದೆ. ಪಾಸ್‌ಪೋರ್ಟ್ ಫೋಟೊ ಬೇಕಾದವರು ಬಾಗಿಲು ತಟ್ಟಿ ನೋಡಿ ಪಕ್ಕದೂರಿಗೆ ಹೋಗುತ್ತಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದುವುದು ಬಿಡುವುದು ನಿನ್ನಿಷ್ಟ. ಮೇ ಮೂರರ ಭಾನುವಾರ ನಮ್ಮ ಗೇಟಿನ ಮುಂದೆ ನಿಂತಿದ್ದ ಬೂದು ಬಣ್ಣದ ವ್ಯಾನಿನಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದವನು ನೀನೇ ಎಂದು ನನಗೆ ಗೊತ್ತು. ಕಿಟಕಿಯ ಪರದೆಯ ಸಂದಿಯಿಂದ ನಿನ್ನ ಮೊಣಕೈ ಕಂಡಿತು, ಆಮೇಲೆ ಮುಖವೂ ಕಂಡಿತು. ನೀನು ಹೊರಗಿದ್ದೆ. ಒಳಗೆ ಏನೇನಾಯಿತು ಎಂದು ನಿನಗೆ ಯಾರೂ ಹೇಳಿರಲಾರರು, ಹೇಳಿದ್ದರೂ ಸುಳ್ಳು ಹೇಳಿರುತ್ತಾರೆ. ಅದನ್ನು ನಿನಗೆ ತಿಳಿಸಬೇಕೆಂದೇ ಬರೆಯುತ್ತಿದ್ದೇನೆ. ಆರು ವರ್ಷದವನಿದ್ದಾಗ ನಿನ್ನಮ್ಮ, ನನ್ನ ಅಕ್ಕ, ತೀರಿಕೊಂಡಳು. ಅಂದಿನಿಂದ ನಿನ್ನ ಚಿಕ್ಕಪ್ಪನೂ ನಾನೂ ನಿನ್ನಿಂದ ಯಾವುದನ್ನೂ ಮುಚ್ಚಿಟ್ಟವರಲ್ಲ. ಮುಚ್ಚಿಟ್ಟಿದ್ದು ಒಂದೇ ಒಂದು, ಅದನ್ನೂ ಇಲ್ಲಿ ಹೇಳುತ್ತೇನೆ.

ಮೂವತ್ತೊಂದು ವರ್ಷ ಅರಣ್ಯ ರಕ್ಷಕನಾಗಿದ್ದ ನಿನ್ನ ಚಿಕ್ಕಪ್ಪ ನೆಕಿಫೊರನ ಮರದ ಡಿಪೊ ಮೇಲೆ ಎಷ್ಟು ಅರ್ಜಿ ಬರೆದಿದ್ದರು ಎನ್ನುವುದಕ್ಕೆ ಲೆಕ್ಕವಿಲ್ಲ. ಒಂದು ಲಾರಿಯ ಪರವಾನಗಿ ತೋರಿಸಿ ಅದೇ ದಿನ ನಾಲ್ಕು ಲಾರಿ ದಿಮ್ಮಿ ಇಳಿಸುವುದು, ಕಡಿಯಬಹುದೆಂದು ಅರಣ್ಯ ರಕ್ಷಕನ ಸುತ್ತಿಗೆಯ ಮುದ್ರೆ ಬೀಳದ ಮರ ಕಡಿಯುವುದು, ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನು ಆ ಡಿಪೊದಲ್ಲಿ ಕ್ರೇನ್ ನಡೆಸಲು ಸೇರಿದಾಗ ಅವರು ಒಂದು ಮಾತೂ ಆಡಲಿಲ್ಲ. ಊರಲ್ಲಿ ಬೇರೆ ಕೆಲಸ ಇಲ್ಲ, ಅವನೇನು ಮಾಡಬೇಕು ಎಂದಷ್ಟೇ ನನಗೆ ಹೇಳಿದರು. ಬರೆದ ಅರ್ಜಿಗಳೆಲ್ಲ ಮೇಲಿನ ಕಚೇರಿಗಳಲ್ಲಿ ಮಾಯವಾದ ಮೇಲೆ ಕಾಡಿನ ದಾರಿಯ ಒಂದು ಬೀಚ್ ಮರಕ್ಕೆ ಬೇಟೆಗಾರರು ಕಟ್ಟುವಂಥ ಸಣ್ಣ ಕ್ಯಾಮೆರಾ ಕಟ್ಟಿದರು. ವಾರಕ್ಕೊಮ್ಮೆ ಅದರ ಕಾರ್ಡ್ ತಂದುಕೊಡುತ್ತಿದ್ದರು. ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಅದನ್ನು ಪೆನ್‌ಡ್ರೈವಿಗೆ ಇಳಿಸಿ ನಗರದಲ್ಲಿ ಕಾಡಿನ ಪರವಾಗಿ ಹೊಡೆದಾಡುವ ಸಂಘದ ರುಕ್ಸಾಂದ್ರಳಿಗೆ ಕಳಿಸುತ್ತಿದ್ದೆ.

ಮೊದಲನೆಯದನ್ನು ಕಳೆದ ಅಕ್ಟೋಬರಿನಲ್ಲಿ ಹಾಗೇ ಕಳಿಸಿದೆವು. ಹಾಗೇ ಎಂದರೆ ಬೀಗವಿಲ್ಲದೆ, ಯಾರು ಯಾವ ಕಂಪ್ಯೂಟರಿಗೆ ಚುಚ್ಚಿದರೂ ತೆರೆದುಕೊಳ್ಳುವಂತೆ. ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟಿದ್ದು ರುಕ್ಸಾಂದ್ರಳಿಗೆ ತಲುಪುವುದು ಒಂದು ದಿನ ತಡವಾಯಿತು. ಆ ಒಂದು ದಿನ ಅದು ಎಲ್ಲಿತ್ತೋ, ಯಾರು ನೋಡಿದರೋ. ಅದರಲ್ಲಿ ಕುರಿ ಕಾಯುವ ಮುದುಕ ಇಲಾರಿಯೊನ್ ನಾಲ್ಕು ನಿಮಿಷ ಮಾತಾಡಿದ್ದ, ಯಾವ ದಿನ ಎಷ್ಟು ಲಾರಿ ಕಂಡೆ ಎಂದು. ಐದನೆಯ ದಿನ ಅವನ ಕುರಿದೊಡ್ಡಿಗೆ ಉಪ್ಪು ಒಯ್ದ ನಿನ್ನ ಚಿಕ್ಕಪ್ಪನಿಗೆ ಮೊದಲು ಕಂಡದ್ದು ನಾಯಿಗಳು, ಎರಡನ್ನೂ ಕೊಡಲಿಯಿಂದ ಕತ್ತರಿಸಿ ಬೇಲಿಗೆ ನೇತುಹಾಕಿದ್ದರು. ಇಲಾರಿಯೊನ್ ಚೀಸ್ ಕಾಯಿಸುವ ಒಲೆಯ ಪಕ್ಕ ಬಿದ್ದಿದ್ದ. ಕೆಳದವಡೆ ಮೂರು ಕಡೆ ಮುರಿದಿತ್ತು. ಬಾಯಿ ಮುಚ್ಚಲಾಗದೆ ರಾತ್ರಿಯಿಡೀ ತನ್ನದೇ ರಕ್ತ ನುಂಗುತ್ತಾ ಮಲಗಿದ್ದನಂತೆ. ಕುದುರೆಯ ಮೇಲೆ ಅಡ್ಡ ಹಾಕಿಕೊಂಡು ಕೆಳಗೆ ತಂದರು. ಆ ಕುದುರೆಯನ್ನು ತೊಳೆಯಲು ನೀನೇ ಬಕೆಟ್ ಹಿಡಿದು ನಿಂತಿದ್ದೆ, ನೆನಪಿರಬೇಕು. ಯಾರು ಮಾಡಿದರೋ ಎಂದು ನೀನೂ ಬೈದೆ. ನಿಜವಾಗಿಯೇ ಬೈದೆ ಎಂದು ನಾನು ನಂಬಿದ್ದೇನೆ. ಅಂದು ನಿನ್ನ ಚಿಕ್ಕಪ್ಪ ಜಾಕೆಟ್ಟೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತು, "ಬಾಗಿಲು ತೆಗೆದಿಟ್ಟು ಕಳಿಸಿದ್ವಿ, ಮಿನೊದೊರ. ಅವನ ಬಾಯಿ ನಾವೇ ಮುರಿದ ಹಾಗಾಯ್ತು" ಎಂದರು. ಇನ್ನು ಮುಂದೆ ತಮ್ಮಿಂದಾಗಿ ಯಾರ ಮೈಮೇಲೂ ಕೈ ಬೀಳಕೂಡದು ಎಂದು ಆಣೆ ಇಟ್ಟರು.

ನವೆಂಬರಿನಲ್ಲಿ ರುಕ್ಸಾಂದ್ರಳೇ ಬಂದಳು. ಗಡಸು ಹೆಂಗಸು, ಸಿಗರೇಟಿನ ಮೇಲೆ ಸಿಗರೇಟು ಸೇದುತ್ತಾಳೆ. ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಪೆನ್‌ಡ್ರೈವಿಗೆ ಬೀಗ ಹಾಕುವುದನ್ನು ಕಲಿಸಿದಳು. ನಿನಗೆ ಇದೆಲ್ಲ ಬೇಸರ ತರಬಹುದು, ಆದರೂ ಕೇಳು, ನಿನ್ನ ಚಿಕ್ಕಪ್ಪನ ಕೈ ಹೋದದ್ದು ಇದರಿಂದಲೇ. ಪೆನ್‌ಡ್ರೈವ್ ಚುಚ್ಚಿ, ಬೀಗ ಹಾಕು ಎಂದು ಹೇಳಿದರೆ ಕಂಪ್ಯೂಟರ್ ಒಂದು ಪಾಸ್‌ವರ್ಡ್ ಕೇಳುತ್ತದೆ, ಎರಡು ಸಲ ಬರೆಸಿಕೊಳ್ಳುತ್ತದೆ. ಆಮೇಲೆ ಒಳಗಿರುವ ಪ್ರತಿಯೊಂದು ಚೂರನ್ನೂ ಕಲಸಿ ಹಾಕುತ್ತಾ ಹೋಗುತ್ತದೆ. ದೊಡ್ಡದಾದರೆ ಒಂದೂವರೆ ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಮುದ್ದೆಗೆ ನೀರಿಟ್ಟು ಬರಬಹುದು. ಮುಗಿದ ಮೇಲೆ ಆ ಮಾತು ಗೊತ್ತಿಲ್ಲದವನ ಕೈಗೆ ಅದು ಬರೀ ಒಂದು ತುಂಡು ಪ್ಲಾಸ್ಟಿಕ್. ಹುಟ್ಟಿದ ದಿನ ಬೇಡ, ನಾಯಿಯ ಹೆಸರು ಬೇಡ, ಒಂದಕ್ಕೊಂದು ಸಂಬಂಧವೇ ಇಲ್ಲದ ಆರು ಮಾತು ಜೋಡಿಸು ಎಂದಳು. ಪಾಸ್‌ವರ್ಡ್ ಮರೆತರೆ ಇರಲಿ ಎಂದು ಕಂಪ್ಯೂಟರ್ ಉದ್ದನೆಯ ಅಂಕಿಗಳ ಸಾಲೊಂದನ್ನು ಕೊಡುತ್ತದಲ್ಲ, ಅದನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸಿದ್ದಕ್ಕೆ ನನ್ನನ್ನು ಬೈದು ಅಳಿಸಿಹಾಕಿಸಿದಳು. ಒಂದೇ ಪ್ರತಿ ಇದ್ದರೆ ಅದು ಇಲ್ಲದ ಹಾಗೇ ಲೆಕ್ಕ, ಯಾವಾಗಲೂ ಎರಡು ಮಾಡು ಎಂದಳು. ಕೊನೆಗೆ, ಭಯವಾದ ಕ್ಷಣ ಏನೂ ಯೋಚಿಸದೆ ಎಳೆದುಬಿಡು, ಎಳೆದ ಕೂಡಲೇ ಬೀಗ ಬೀಳುತ್ತದೆ ಎಂದಳು. ನಿನ್ನ ಚಿಕ್ಕಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿ, ಆ ಆರು ಮಾತು ನನಗೆ ಹೇಳಬೇಡಿ ಎಂದು ಹೊರಗೆ ಹೋದರು. ಅವು ನನಗೂ ರುಕ್ಸಾಂದ್ರಳಿಗೂ ಮಾತ್ರ ಗೊತ್ತಿದ್ದವು.

ಚಳಿಗಾಲದಲ್ಲಿ ಹೀಗೆ ಬೀಗ ಹಾಕಿದ ಐದು ಪೆನ್‌ಡ್ರೈವ್ ನಗರ ತಲುಪಿದವು, ಯಾರಿಗೂ ಏನೂ ಆಗಲಿಲ್ಲ. ಆರನೆಯದರಲ್ಲಿ ಡಿಪೊದ ಇಬ್ಬರು ಮರ ಕಡಿಯುವವರು ಮುಖ ತೋರಿಸಿ ಮಾತಾಡಿದ್ದರು, ಯಾರ ಅಪ್ಪಣೆಯಿಂದ ಎಲ್ಲಿ ಕಡಿದೆವು ಎಂದು. ಅವರ ಹೆಸರು ನಾನು ಬರೆಯುವುದಿಲ್ಲ. ಅದರಲ್ಲೇ ಮಾರ್ಚ್ ಕೊನೆಯ ವಾರದ ಕ್ಯಾಮೆರಾ ಚಿತ್ರವೂ ಇತ್ತು. ಲಾರಿ ಕೆಸರಲ್ಲಿ ನಿಲ್ಲುತ್ತದೆ, ಡ್ರೈವರ್ ಇಳಿದು ಚಕ್ರದ ಕೆಳಗೆ ಕೊಂಬೆ ಹಾಕುತ್ತಾನೆ, ತಲೆ ಎತ್ತುತ್ತಾನೆ. ಅದು ನೀನು, ಸಿಮಿ. ನಾನು ಹೆಣೆದ ಟೋಪಿ ಹಾಕಿಕೊಂಡಿದ್ದೆ. ಕ್ರೇನಿನಿಂದ ಲಾರಿಗೆ ಬಂದಿದ್ದೀಯ ಎಂದು ನಮಗೆ ಗೊತ್ತೇ ಇರಲಿಲ್ಲ. ನಿನ್ನಿಂದ ಮುಚ್ಚಿಟ್ಟದ್ದು ಇದನ್ನೇ. ನಿನ್ನ ಚಿಕ್ಕಪ್ಪ ಅದನ್ನು ಮೂರು ಸಲ ನೋಡಿದರು. ಅಳಿಸಿಬಿಡಲೇ ಎಂದೆ. ಅಳಿಸಿದರೆ ಆ ಇಬ್ಬರ ಮಾತಿಗೆ ಸಾಕ್ಷಿ ಇಲ್ಲದಾಗುತ್ತದೆ, ಆ ಲಾರಿಯ ನಂಬರ್ ಕಾಣುವುದು ಅದರಲ್ಲೊಂದೇ ಎಂದರು. ಕಳಿಸಲೇ ಎಂದರೆ ಅದಕ್ಕೂ ಬಾಯಿ ಬರಲಿಲ್ಲ. ಹಬ್ಬ ಕಳೆಯಲಿ, ಹುಡುಗನ ಹತ್ತಿರ ಮಾತಾಡುತ್ತೇನೆ, ಅವನಾಗಿಯೇ ಆ ಕೆಲಸ ಬಿಟ್ಟು ಬಂದು ಹೇಳಲಿ, ಆಮೇಲೆ ಕಳಿಸೋಣ ಎಂದರು. ಅದಕ್ಕೆ ಒಂದು ಪ್ರತಿಯನ್ನು ಕಾಫಿ ಡಬ್ಬಿಯಲ್ಲಿ ಇಟ್ಟೆ. ಇನ್ನೊಂದನ್ನು ಮುಚ್ಚಳ ಬಿಗಿದ ಗಾಜಿನ ಶೀಶೆಯಲ್ಲಿ ಹಾಕಿ ಇಲಾರಿಯೊನನಿಗೆ ಕೊಟ್ಟೆ. ಒಳಗೇನಿದೆ ಎಂದು ಅವನು ಕೇಳಲಿಲ್ಲ. ಕುರಿದೊಡ್ಡಿಯ ಕಲ್ಲುಗೋಡೆಯಲ್ಲಿ ಎಲ್ಲೋ ಇಟ್ಟ.

ಈಸ್ಟರ್ ದಿನ ನೀನು ಊಟಕ್ಕೆ ಬಂದೆ. ಕೆಂಪು ಮೊಟ್ಟೆಗೆ ಮೊಟ್ಟೆ ಹೊಡೆದು ನಿನ್ನ ಚಿಕ್ಕಪ್ಪನನ್ನು ಮೂರು ಸಲ ಸೋಲಿಸಿದೆ. ಕುರಿಮರಿ ಮಾಂಸ ಎರಡು ಸಲ ಹಾಕಿಸಿಕೊಂಡೆ. ನಾನು ಕಾಫಿ ಮಾಡಲು ಹೋಗಿ ಶೆಲ್ಫಿನ ಮೂರನೆಯ ಡಬ್ಬಿ ತೆಗೆದಾಗ ನಿನ್ನ ಚಿಕ್ಕಪ್ಪ, ಅದಲ್ಲ, ಅದರಲ್ಲಿ ನೆಕಿಫೊರ್ ಇದ್ದಾನೆ ಎಂದು ನಕ್ಕರು. ಪ್ಲಮ್ ಸಾರಾಯಿ ಒಂದು ಲೋಟ ಹೆಚ್ಚಾಗಿತ್ತು ಅವರಿಗೆ. ನೀನೂ ನಕ್ಕೆ. ಅಂದು ನಿನ್ನ ಹತ್ತಿರ ಮಾತಾಡುವ ಧೈರ್ಯ ಅವರಿಗೆ ಬರಲಿಲ್ಲ. ಮುಂದಿನ ಭಾನುವಾರ ಎಂದರು, ಅದರ ಮುಂದಿನ ಭಾನುವಾರ ಎಂದರು.

ಮೂರನೆಯ ಭಾನುವಾರ ಮೇ ಮೂರು. ಊರೆಲ್ಲ ಚರ್ಚಿನಲ್ಲಿತ್ತು. ನಿನ್ನ ಚಿಕ್ಕಪ್ಪನಿಗೆ ಸೊಂಟ ಹಿಡಿದುಕೊಂಡಿದ್ದರಿಂದ ನಾವು ಹೋಗಿರಲಿಲ್ಲ. ಅವರು ಕಿಟಕಿಯ ಬಳಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂತು ಆ ವಾರದ ಚಿತ್ರಗಳನ್ನು ಡಬ್ಬಿಯ ಪೆನ್‌ಡ್ರೈವಿಗೆ ಸೇರಿಸುತ್ತಿದ್ದೆ, ಅದು ತೆರೆದುಕೊಂಡೇ ಇತ್ತು. ವ್ಯಾನ್ ನಿಂತ ಸದ್ದಾಯಿತು. ಗೇಟಿನಿಂದ ಬರುತ್ತಿದ್ದವರು ಇಬ್ಬರು. ಒಬ್ಬ ನೆಕಿಫೊರನ ಭಾವಮೈದ ಲಜಾರ್, ನಿನ್ನಮ್ಮನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಇನ್ನೊಬ್ಬ ಕೆಂಪು ಜಾಕೆಟ್ಟಿನವನು, ನಾನು ನೋಡಿರದ ಮುಖ, ಕೈಯಲ್ಲಿ ದಿಮ್ಮಿ ಎಳೆಯುವ ಕೊಕ್ಕೆ. ಯೋಚಿಸದೆ ಎಳೆದೆ. ಅಡುಗೆಮನೆಗೆ ಓಡಿ ಡಬ್ಬಿಗೆ ಹಾಕಿ ಹಿಂದಿರುಗುವಷ್ಟರಲ್ಲಿ ಬಾಗಿಲು ಒಳಕ್ಕೆ ಬಿದ್ದಿತ್ತು.

ಕೆಂಪು ಜಾಕೆಟ್ಟಿನವನು ಕೊಕ್ಕೆಯ ಹಿಡಿಯಿಂದ ನಿನ್ನ ಚಿಕ್ಕಪ್ಪನ ಬಾಯಿಗೆ ಹೊಡೆದ. ಮುಖದ ತುಂಬ ಸೋಪಿನ ನೊರೆ ಇತ್ತಲ್ಲ, ಅದು ನೋಡನೋಡುತ್ತಲೇ ಕೆಂಪಗಾಯಿತು. ಎರಡು ಹಲ್ಲು ನೆಲದ ಮೇಲೆ ಬಿದ್ದವು. ಲಜಾರ್ ನನ್ನನ್ನು ಪಕ್ಕಕ್ಕೆ ತಳ್ಳಿ ಅಡುಗೆಮನೆಗೆ ಹೋದ. ಅವನು ಮನೆ ಹುಡುಕಲಿಲ್ಲ, ಸಿಮಿ. ಒಂದು ಡ್ರಾಯರ್ ಎಳೆಯಲಿಲ್ಲ. ಸೀದಾ ಶೆಲ್ಫಿನ ಮೂರನೆಯ ಡಬ್ಬಿಗೆ ಕೈ ಹಾಕಿದ. ಯಾರು ಹೇಳಿದ್ದು ಎಂದು ನನಗೆ ಆಗಲೇ ತಿಳಿಯಿತು. ನಿನ್ನ ಚಿಕ್ಕಪ್ಪನಿಗೂ ತಿಳಿಯಿತು, ರಕ್ತ ಸುರಿಯುತ್ತಿದ್ದ ಬಾಯನ್ನು ತೋಳಿನಿಂದ ಒರೆಸಿಕೊಂಡು ಒಂದು ಸಲ ಗೇಟಿನ ಕಡೆ ನೋಡಿದರು.

ಲಜಾರ್ ಪೆನ್‌ಡ್ರೈವನ್ನು ನನ್ನ ಕಂಪ್ಯೂಟರಿಗೇ ಚುಚ್ಚಿದ. ಅದು ಪಾಸ್‌ವರ್ಡ್ ಕೇಳಿತು. "ನೋಡು ಗವ್ರಿಲ್, ಯಾರ್ಯಾರು ಬಾಯಿ ಬಿಟ್ಟಿದಾರೆ ಅಂತ ಗೊತ್ತಾದ್ರೆ ಸಾಕು. ಹೇಳ್ಬಿಡು, ಹೋಗ್ತೀವಿ" ಎಂದ. ಆ ಆರು ಮಾತು ನಿನ್ನ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಬಂದವರಿಬ್ಬರೂ ನನ್ನ ಕಡೆ ತಿರುಗುತ್ತಿದ್ದರು. ಅದಕ್ಕೆ, "ಗೊತ್ತು. ನಿಂಗೆ ಹೇಳಲ್ಲ" ಎಂದರು.

ಬಾಗಿಲ ಪಕ್ಕದ ಮೊಳೆಗೆ ಅವರ ಮುದ್ರೆ ಸುತ್ತಿಗೆ ನೇತಾಡುತ್ತಿತ್ತು, ಮೂವತ್ತೊಂದು ವರ್ಷ ಮರಕ್ಕೆ ಗುರುತು ಹಾಕಿದ್ದು. ಲಜಾರ್ ಅದನ್ನು ತೆಗೆದುಕೊಂಡ. ಕೆಂಪು ಜಾಕೆಟ್ಟಿನವನು ನಿನ್ನ ಚಿಕ್ಕಪ್ಪನ ಎಡಗೈಯನ್ನು ಅಂಗಡಿಯ ಮೇಜಿನ ಮೇಲೆ ಒತ್ತಿ ಹಿಡಿದು ತನ್ನ ಮೊಣಕಾಲನ್ನು ಅವರ ತೋಳಿನ ಮೇಲೆ ಊರಿದ. ಮೊದಲ ಏಟು ಕಿರುಬೆರಳಿಗೆ. ಆ ಸದ್ದು ಒಣ ಕಡ್ಡಿ ಮುರಿದ ಹಾಗೆ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ, ಹಾಗಿರಲಿಲ್ಲ, ಒದ್ದೆ ಸದ್ದು ಅದು. ಅವರು ಕೂಗಲಿಲ್ಲ, ಮೂಗಿನಿಂದ ಉಸಿರು ಬಿಟ್ಟರು. ಎರಡನೆಯದು ಉಂಗುರದ ಬೆರಳು. ಉಂಗುರವೂ ಮಾಂಸದೊಳಗೆ ಹೋಯಿತು. ನಾನು ಎರಡು ಬೆರಳು ಮುರಿಯುವವರೆಗೆ ಸುಮ್ಮನಿದ್ದೆ. ಇದನ್ನು ಪೊಲೀಸರಿಗೆ ಹೇಳಲಿಲ್ಲ, ಪಾದ್ರಿಗೂ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ. ಸುಮ್ಮನಿರು ಎಂದು ಅವರ ಕಣ್ಣು ಹೇಳುತ್ತಿತ್ತು, ನಿಜ. ಆದರೂ ಮಾತು ನನ್ನ ಬಾಯಲ್ಲಿತ್ತು, ಬೆರಳು ಅವರದಾಗಿತ್ತು.

ಮೂರನೆಯ ಸಲ ಸುತ್ತಿಗೆ ಎತ್ತಿದಾಗ ಹೇಳಿಬಿಟ್ಟೆ. ಏಣಿ, ಸಬ್ಬಸಿಗೆ, ಮಂಗಳವಾರ, ಬಾತುಕೋಳಿ, ಗಂಟಲು, ಸೂಜಿ ಎಂದೆ. ಕೆಂಪು ಜಾಕೆಟ್ಟಿನವನು ನಕ್ಕುಬಿಟ್ಟ. "ಮುದುಕಿಗೆ ತಲೆ ಕೆಟ್ಟೋಯ್ತು" ಎಂದ. ಲಜಾರ್ ಮಾತ್ರ ನಗದೆ ನನ್ನನ್ನೇ ನೋಡಿದ, ಅವನ ಕೈ ಕೀಬೋರ್ಡಿನ ಕಡೆ ಹೋಗುತ್ತಿತ್ತು. ಆಗ ನಿನ್ನ ಚಿಕ್ಕಪ್ಪ, "ಜೆರಾಕ್ಸ್ ಹೊಡೆಯೋ ಹೆಂಗಸಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ ಲಜಾರ್, ಅವಳ ತಲೆಯಲ್ಲಿ ಏನೂ ನಿಲ್ಲಲ್ಲ. ಸಾಕು, ಹೇಳ್ತೀನಿ. ನಾಯಿ ಹೆಸರು, ನಾನು ಹುಟ್ಟಿದ ವರ್ಷ" ಎಂದರು. ಮದುವೆಯಾದ ಮೂವತ್ತಮೂರು ವರ್ಷದಲ್ಲಿ ನನ್ನನ್ನು ಒಬ್ಬರ ಮುಂದೆಯೂ ಹೀಗೆ ಹಗುರ ಮಾಡಿ ಮಾತಾಡಿದವರಲ್ಲ. ಲಜಾರ್ ನನ್ನನ್ನು ಬಿಟ್ಟು ಅದನ್ನು ಬರೆದ. ತಪ್ಪು ಎಂದು ಬಂತು. ನಡುಬೆರಳು ಹೋಯಿತು. ಇನ್ನೊಂದು ಸುಳ್ಳು ಹೇಳಿದರು, ತೋರುಬೆರಳು. ಮತ್ತೊಂದು ಹೇಳಿದರು, ಅದೂ ತಪ್ಪಾಯಿತು. ನಾನು ಹೇಳಿದ ನಿಜವನ್ನು ಅವರು ಹೀಗೆ ತಮ್ಮ ಸುಳ್ಳುಗಳ ಕೆಳಗೆ ಹೂತುಹಾಕಿದರು. ಆ ಇಬ್ಬರು ಮರ ಕಡಿಯುವವರ ಮುಖ ಲಜಾರ್ ನೋಡಬಾರದೆಂದು.

ಆಗ ನಾನು ಕಿಟಕಿಯ ಕಡೆ ತಿರುಗಿ ನಿನ್ನ ಹೆಸರು ಹಿಡಿದು ಕೂಗಿದೆ. ಸಿಮಿ ಎಂದು ಎರಡು ಸಲ. ನೀನು ತಲೆ ತಿರುಗಿಸಿದೆ. ನಿನ್ನ ಮುಖ ಪೂರ್ತಿ ಕಂಡಿತು. ಆಮೇಲೆ ಕೈ ಚಾಚಿ ರೇಡಿಯೊ ಜೋರು ಮಾಡಿದೆ. ಕೊಳಲು ಮತ್ತು ತಾಳದ ಯಾವುದೋ ಮದುವೆ ಹಾಡು.

ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕತ್ತರಿ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಕೆಂಪು ಜಾಕೆಟ್ಟಿನವನ ತೊಡೆಗೆ ಹಿಡಿಯವರೆಗೂ ಚುಚ್ಚಿದೆ. ಎಳೆದು ಇನ್ನೊಂದು ಸಲ ಚುಚ್ಚಿದೆ. ಚುಚ್ಚುವಾಗ ಸಂತೋಷವಾಯಿತು, ಅದನ್ನೂ ಬರೆಯುತ್ತೇನೆ. ವ್ಯಾನಿನ ಸೀಟಿನ ಮೇಲೆ ರಕ್ತ ನೋಡಿರುತ್ತೀಯ, ಅದು ಅವನದು. ಅವನು ನನ್ನನ್ನು ಒದ್ದು ನೆಲಕ್ಕೆ ಹಾಕಿದ, ಬಿದ್ದ ಮೇಲೂ ಒದ್ದ, ಎರಡು ಪಕ್ಕೆಲುಬು ಹೋದವು. ನಿನ್ನ ಚಿಕ್ಕಪ್ಪ ಆ ಜಜ್ಜಿದ ಕೈಯಲ್ಲೇ ಅವನ ಕೊರಳು ಹಿಡಿದರು. ಆಗ ಲಜಾರ್ ಹಿಂದಿನಿಂದ ಸುತ್ತಿಗೆಯನ್ನು ಅವರ ತಲೆಗೆ ಹಾಕಿದ. ಒಂದೇ ಏಟು. ಅವರು ಕೂತಂತೆ ಕುಸಿದರು. ಲಜಾರ್ ಕಂಪ್ಯೂಟರನ್ನು ಎತ್ತಿ ಗೋಡೆಗೆ ಅಪ್ಪಳಿಸಿ, ಪೆನ್‌ಡ್ರೈವ್ ಕಿತ್ತುಕೊಂಡು ಹೋದ. ಅದು ಈಗಲೂ ನೆಕಿಫೊರನ ಹತ್ತಿರ ಇರಬೇಕು. ನಗರದಿಂದ ಯಾರ್ಯಾರನ್ನೋ ಕರೆಸಿ ತೆರೆಸಲು ನೋಡಿದನಂತೆ, ಆಗಲಿಲ್ಲವಂತೆ.

ಚರ್ಚ್ ಬಿಡುವ ಮೊದಲೇ ಆಂಬುಲೆನ್ಸ್ ಬಂತು. ನಾನು ಕರೆದಿರಲಿಲ್ಲ, ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಫೋನ್ ಮಾಡಿದವನು ಹೆಸರು ಹೇಳದೆ, ಹಳೆಯ ಗಿರಣಿಯ ಹತ್ತಿರ, ಹಸಿರು ಗೇಟಿನ ಮನೆ ಎಂದನಂತೆ. ನಮ್ಮ ಗೇಟಿಗೆ ಕಂದು ಬಣ್ಣ ಹೊಡೆದು ಮೂರು ವರ್ಷವಾಯಿತು. ಹಸಿರು ಎನ್ನುವವನು ಈ ಮನೆಯಲ್ಲಿ ಬೆಳೆದವನು. ಡಾಕ್ಟರು ಹೇಳಿದರು, ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು. ನಿನ್ನ ಲೆಕ್ಕಕ್ಕೆ ಇದನ್ನೂ ಹಾಕುತ್ತೇನೆ, ಹಾಕದೆ ಇರಲಾರೆ.

ಹತ್ತೊಂಬತ್ತು ದಿನ ಆಸ್ಪತ್ರೆ. ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಎಡಗೈಯ ಮೂರು ಬೆರಳು ತೆಗೆಯಬೇಕಾಯಿತು. ಈಗ ಮನೆಯಲ್ಲಿದ್ದಾರೆ, ಗೋಡೆ ಹಿಡಿದು ಓಡಾಡುತ್ತಾರೆ. ಮಾತು ತಪ್ಪಿಹೋಗುತ್ತದೆ. ಚಮಚ ಬೇಕಾದರೆ ಕುದುರೆ ಕೊಡು ಎನ್ನುತ್ತಾರೆ, ತಪ್ಪಾಯಿತೆಂದು ಗೊತ್ತಾಗಿ ನಗುತ್ತಾರೆ, ಆಮೇಲೆ ಅಳುತ್ತಾರೆ. ರಸ್ತೆಯಲ್ಲಿ ಯಾವ ಗಾಡಿಯ ಬಾಗಿಲು ಬಡಿದರೂ ಗೋಡೆಗೆ ಒತ್ತಿಕೊಂಡು ಎಡಗೈಯನ್ನು ಕಂಕುಳಲ್ಲಿ ಬಚ್ಚಿಡುತ್ತಾರೆ. ಆ ಇಬ್ಬರು ಮರ ಕಡಿಯುವವರಲ್ಲಿ ಒಬ್ಬ ಬಂದಿದ್ದ. ಬ್ಯಾಂಡೇಜಿನ ಕೈಗೆ ಮುತ್ತಿಟ್ಟು ಹೋದ. ಅವನ ದವಡೆ ನೆಟ್ಟಗಿತ್ತು.

ಲಜಾರ್ ಊರಲ್ಲೇ ಇದ್ದಾನೆ. ಅಂದು ತಾನು ಚರ್ಚಿನಲ್ಲಿದ್ದೆ ಎನ್ನುತ್ತಾನೆ, ಹೌದು ಎನ್ನುವವರು ಹತ್ತು ಜನ ಇದ್ದಾರೆ. ಕೆಂಪು ಜಾಕೆಟ್ಟಿನವನು ಕಣ್ಮರೆಯಾಗಿದ್ದಾನೆ. ನಿನ್ನ ಚಿಕ್ಕಪ್ಪನಿಗೆ ಆ ದಿನದ್ದು ಸರಿಯಾಗಿ ನೆನಪಿಲ್ಲ, ಬೀದಿಯಲ್ಲಿ ಹಾಡು ಕೇಳಿಸಿತು ಎನ್ನುತ್ತಾರೆ, ಅಷ್ಟೇ. ಉಳಿದವಳು ನಾನೊಬ್ಬಳು, ಅದೂ ಕೈಯಲ್ಲಿ ಕತ್ತರಿ ಹಿಡಿದಿದ್ದವಳು. ಮೊನ್ನೆ ಬೀದಿಯಲ್ಲಿ ಲಜಾರ್ ನನಗೆ ಟೋಪಿ ಎತ್ತಿ ನಮಸ್ಕಾರ ಮಾಡಿದ. ಲಾರಿಗಳು ಈಗ ಹಗಲಲ್ಲೇ ಇಳಿಯುತ್ತವೆ, ಕ್ಯಾಮೆರಾ ಕಟ್ಟಿದ್ದ ಬೀಚ್ ಮರವನ್ನೂ ಕಡಿದು ಒಯ್ದಿದ್ದಾರೆ.

ಆಸ್ಪತ್ರೆಯಲ್ಲಿ ಎಚ್ಚರ ಬಂದ ಮೇಲೆ ಅವರು ಆಡಿದ ಮೊದಲ ನೆಟ್ಟಗಿನ ಮಾತು, "ಹುಡುಗನ ಹೆಸರು ಬೇಡ." ಎರಡು ಸಲ ಹೇಳಿದರು. ನಾನು ಆಗಲಿ ಎಂದೆ. ನಿನ್ನ ಮೇಲೆ ಅವರಿಗೆ ಕೋಪವಿಲ್ಲ, ಸಿಮಿ. ನನಗಿದೆ. ಬೆಳಗ್ಗೆ ಎದ್ದ ಕೂಡಲೇ ಇದೆ, ಅವರ ಅಂಗಿಗೆ ಗುಂಡಿ ಹಾಕುವಾಗ ಇದೆ. ಆದರೂ ಮೊನ್ನೆ ನಿನ್ನ ಹಾಸಿಗೆಯ ಉಣ್ಣೆ ಬಿಸಿಲಿಗೆ ಹಾಕಿದೆ, ಯಾಕೆ ಹಾಕಿದೆ ಎಂದು ಕೇಳಬೇಡ.

ಒತಿಲಿಯ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ. ಇಲಾರಿಯೊನ್ ಈಗ ಮೆತ್ತನೆಯದನ್ನು ಅಗಿಯಬಲ್ಲ. ದೇವರು ನಿನ್ನನ್ನು ಕಾಯಲಿ ಎಂದು ಬರೆಯಲು ಕೈ ಹಿಂದೆಗೆಯುತ್ತದೆ, ಬರೆಯದೆ ಪತ್ರ ಮುಚ್ಚಲೂ ಬರುವುದಿಲ್ಲ. ಕಾಯಲಿ. ಹಸಿದು ಮಲಗಬೇಡ.

ನಿನ್ನ ಚಿಕ್ಕಮ್ಮ,
ಮಿನೊದೊರ

ಮತ್ತೆ ಸಿಮಿ, ಅಂಚೆಯವನು ಮೇಲಿನ ಬೀದಿಯಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಚಿಕ್ಕಪ್ಪನಿಗೆ ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ. ಸೋಮವಾರ ಬೆಳಗ್ಗೆ ಕುರಿದೊಡ್ಡಿಗೆ ಹೋಗಿ ಶೀಶೆ ಇಸಿದುಕೊಂಡು ರುಕ್ಸಾಂದ್ರಳ ಜೊತೆ ಜಿಲ್ಲಾ ಸರ್ಕಾರಿ ವಕೀಲೆಯ ಕಚೇರಿಗೆ ಹೋದೆ. ಅವಳ ಕಂಪ್ಯೂಟರಿನಲ್ಲಿ ಆರು ಮಾತು ನಾನೇ ಬರೆದು ಬೀಗ ತೆಗೆದೆ. ನೀನು ಕೆಸರಿನಿಂದ ತಲೆ ಎತ್ತುವಲ್ಲಿ ಅವಳು ನಿಲ್ಲಿಸಿ, ಇವನು ಯಾರು ಎಂದು ಕೇಳಿದಳು. ನನ್ನ ಅಕ್ಕನ ಮಗ, ನಾನು ಸಾಕಿದವನು ಎಂದೆ. ವ್ಯಾನ್ ನಡೆಸಿದವನೂ ಇವನೇ ಎಂದೆ. ಹೆಸರು ತಪ್ಪಾಗಬಾರದೆಂದು ನಾನೇ ಬರೆದುಕೊಟ್ಟೆ. ನಿನ್ನ ಚಿಕ್ಕಪ್ಪನಿಗೆ ಇನ್ನೂ ಹೇಳಿಲ್ಲ. ವಿಳಾಸ ಕೇಳಿದಳು, ಅದು ಮಾತ್ರ ಕೊಡಲಿಲ್ಲ. ಈ ತಿಂಗಳ ಇಪ್ಪತ್ತೆರಡರವರೆಗೆ ಕಾಯುತ್ತಾಳೆ, ಆಮೇಲೆ ವಾರಂಟ್. ಅಷ್ಟರೊಳಗೆ ನೀನಾಗಿಯೇ ಬಂದು ಲಜಾರ್ ಒಳಗೆ ಹೋದದ್ದನ್ನೂ ಸುತ್ತಿಗೆ ಹಿಡಿದು ಹೊರಗೆ ಬಂದದ್ದನ್ನೂ ಹೇಳಿದರೆ ನಿನ್ನ ಶಿಕ್ಷೆ ಕಡಿಮೆಯಾಗುತ್ತದೆ, ಅವನಿಗೆ ಆಗಬೇಕಾದದ್ದು ಆಗುತ್ತದೆ. ಬಾರದಿದ್ದರೆ ಅವನು ಟೋಪಿ ಎತ್ತುತ್ತಲೇ ಇರುತ್ತಾನೆ. ಸ್ಪೇನಿನ ಬಸ್ ಶನಿವಾರ ಬೆಳಗ್ಗೆ ಹತ್ತಕ್ಕೆ ಬರುತ್ತದೆ. ಹದಿನೆಂಟರಂದು ನಿಲ್ದಾಣದಲ್ಲಿ ನಿಂತಿರುತ್ತೇನೆ. ಮನೆಗೆ ಕರೆದುಕೊಂಡು ಹೋಗುವುದಿಲ್ಲ, ಚಿಕ್ಕಪ್ಪ ಹೆದರುತ್ತಾರೆ. ಅಲ್ಲಿಂದ ಸೀದಾ ಠಾಣೆಗೆ ಹೋಗೋಣ. ನಾನೂ ಒಳಗೆ ಬಂದು, ನೀನು ಹೇಳಿ ಮುಗಿಸುವವರೆಗೆ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ.